ಇಳಿಜಾರಿಗೆ ತಕ್ಕ ಬೂಟು: ಬೆಟ್ಟದ ಬೇಟೆಯಲ್ಲಿ ನನ್ನ ಅನುಭವ

ನನ್ನ ಎಡಗಾಲಿನ ಹೆಬ್ಬೆರಳ ಉಗುರು ಎರಡು ಸಲ ಕಪ್ಪಾಗಿ ಉದುರಿದೆ. ಎರಡು ಸಲವೂ ಬೆಟ್ಟ ಹತ್ತುವಾಗ ಆಗಿದ್ದಲ್ಲ, ಇಳಿಯುವಾಗ. ಬೆನ್ನ ಮೇಲೆ ಮಾಂಸದ ಹೊರೆ, ಎದುರಿಗೆ ಮೊಣಕಾಲು ನಡುಗಿಸುವ ಇಳಿಜಾರು. ಒಂದೊಂದು ಹೆಜ್ಜೆಗೂ ಬೆರಳು ಹೋಗಿ ಬೂಟಿನ ಮೂತಿಗೆ ಗುದ್ದುತ್ತಿತ್ತು. ಅಂಗಡಿಯ ಸಮತಟ್ಟು ನೆಲದ ಮೇಲೆ ಅದೇ ಬೂಟು ಹಾಯಾಗಿತ್ತು. ಅದಾದ ಮೇಲೆ ನಾನು ಬೂಟು ಆರಿಸುವುದು ಇಳಿಯುವುದನ್ನು ನೆನೆಸಿಕೊಂಡೇ.

ಪರವಾನಗಿ ಪಡೆದು ಕಾಡುಮೇಕೆ, ಬೆಟ್ಟದ ಕುರಿಗಳ ಬೇಟೆಗೆ ಹೋಗುವವನು ನಾನು. ಅವು ಇರುವ ಕಡೆ ಕಾಲುದಾರಿ ಇರುವುದಿಲ್ಲ. ಚಾರಣಕ್ಕೆ ಹೋಗುವವರು ದಿನದ ಬಹುಪಾಲು ತುಳಿದ ದಾರಿಯಲ್ಲೇ ನಡೆಯುತ್ತಾರೆ. ನಾವು ಹುಲ್ಲಿನ ಇಳಿಜಾರು, ಸಡಿಲ ಕಲ್ಲಿನ ರಾಶಿ, ಒದ್ದೆ ಬಂಡೆ ಇವುಗಳ ಮೇಲೆ ಅಡ್ಡಡ್ಡ ಹೋಗುತ್ತೇವೆ. ಗಂಟೆಗಟ್ಟಲೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಬೂಟಿನ ನಿಜವಾದ ಪರೀಕ್ಷೆ ಆಗುವುದು ಈ ಅಡ್ಡ ನಡಿಗೆಯಲ್ಲೇ.

ನನ್ನ ಮೊದಲ ಜೋಡಿ ಹಗುರ, ಮೆತ್ತಗೆ. ಹಗುರ ಅಂತಲೇ ತಗೊಂಡಿದ್ದೆ. ಒಂದು ಬೆಳಿಗ್ಗೆ ಇಬ್ಬನಿ ಬಿದ್ದ ಹುಲ್ಲಿನ ಇಳಿಜಾರನ್ನು ಅಡ್ಡ ದಾಟುತ್ತಿದ್ದೆವು. ಕಾಲಿಟ್ಟಾಗ ಅಟ್ಟೆ ಇಳಿಜಾರಿಗೆ ತಕ್ಕಂತೆ ಹೊರಳಿಬಿಡುತ್ತಿತ್ತು, ಒದ್ದೆ ಬಟ್ಟೆ ಹಿಂಡಿದ ಹಾಗೆ. ಪಾದ ಅದರೊಳಗೇ ಕೆಳಬದಿಗೆ ಜಾರಿ ಹೊರ ಅಂಚಿಗೆ ಒತ್ತುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಣಕಾಲು ಬೆಂಕಿ. ಜೊತೆಗಿದ್ದ ಹಿರಿಯರು ನನ್ನ ನಡಿಗೆ ನೋಡುತ್ತಲೇ ಇದ್ದರು. ಕೂತಾಗ, "ಎಲ್ಲಿ, ಒಂದು ಬೂಟು ಬಿಚ್ಚಿ ಕೊಡಪ್ಪ" ಅಂದರು. ಮೂತಿ, ಹಿಮ್ಮಡಿ ಎರಡನ್ನೂ ಹಿಡಿದು ಬಗ್ಗಿಸಿದರು. ಸಲೀಸಾಗಿ ಅರ್ಧಕ್ಕೆ ಮಡಚಿತು. ಬಟ್ಟೆ ಹಿಂಡುವ ಹಾಗೆ ತಿರುಚಿದರು. ತಿರುಚಿಕೊಂಡಿತು. ಅವರೇನೂ ಹೇಳಲಿಲ್ಲ, ತಮ್ಮ ಬೂಟು ಬಿಚ್ಚಿ ನನ್ನ ಕೈಗಿಟ್ಟರು. ನನ್ನ ಶಕ್ತಿಯೆಲ್ಲ ಹಾಕಿದರೂ ಅದು ಮೂತಿಯ ಹತ್ತಿರ ಸ್ವಲ್ಪ ಬಗ್ಗಿತು ಅಷ್ಟೆ. ತಿರುಚುವುದಕ್ಕಂತೂ ಆಗಲೇ ಇಲ್ಲ.

ಆ ಗಟ್ಟಿತನ ಬರುವುದು ಅಟ್ಟೆಯ ಒಳಗಿನ ಪಟ್ಟಿಯಿಂದ. ಶ್ಯಾಂಕ್ ಅನ್ನುತ್ತಾರೆ. ಸಾಮಾನ್ಯವಾಗಿ ನೈಲಾನ್‌ನದು, ಕೆಲವದರಲ್ಲಿ ಸ್ಟೀಲ್ ಅಥವಾ ಕಾರ್ಬನ್. ಅದು ಗಟ್ಟಿ ಇದ್ದರೆ ಬೂಟಿನ ಅಂಚನ್ನೇ ಇಳಿಜಾರಿಗೆ ಊರಿ ನಿಲ್ಲಬಹುದು. ಬೆರಳಗಲದ ಕಲ್ಲಿನ ಮೇಲೂ ಪಾದ ಪೂರ್ತಿ ನಿಲ್ಲುತ್ತದೆ, ಮೀನಖಂಡಕ್ಕೆ ಭಾರ ಕಮ್ಮಿ. ಅವತ್ತಿನಿಂದ ನಾನು ಕೊಳ್ಳುವ ಮೊದಲು ಮೆಟ್ಟಿಲಿನ ತುದಿಯಲ್ಲಿ ಬೂಟಿನ ಒಳ ಅಂಚನ್ನು ಮಾತ್ರ ಇಟ್ಟು ನಿಂತು ನೋಡುತ್ತೇನೆ. ಹಿಮ್ಮಡಿ ಗಾಳಿಯಲ್ಲಿದ್ದರೂ ಅಟ್ಟೆ ಬಾಗದೆ ನಿಂತರೆ ಸರಿ.

ಹಾಗಂತ ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಜರ್ಮನಿಯ ಮೈಂಡ್ಲ್ ಕಂಪನಿ ತಂದ ಎ ಇಂದ ಡಿ ವರೆಗಿನ ಶ್ರೇಣಿಯನ್ನು ಬೇಟೆಗಾರರು ಈಗಲೂ ಬಳಸುತ್ತಾರೆ. ಎ ಅಂದರೆ ಸುಲಭದ ದಾರಿಗೆ, ಡಿ ಅಂದರೆ ಹಿಮಗಡ್ಡೆ ಹತ್ತುವವರಿಗೆ. ನಾನು ಒಂದು ಹಂಗಾಮು ಪೂರ್ತಿ ತೀರಾ ಗಟ್ಟಿಯ ಬೂಟು ಹಾಕಿದ್ದೆ. ಕಡಿದಾದ ಕಡೆ ಚೆನ್ನಾಗಿತ್ತು. ಆದರೆ ಬುಡದಿಂದ ಮೈಲಿಗಟ್ಟಲೆ ನಡೆಯುವಾಗ ಕಾಲಿಗೆ ಹಲಗೆ ಕಟ್ಟಿಕೊಂಡ ಹಾಗೆ. ಪ್ರಾಣಿಯ ಹತ್ತಿರ ಹೋಗುವಾಗ ಇನ್ನೊಂದು ತೊಂದರೆ: ಗಟ್ಟಿ ಅಟ್ಟೆ ಕಲ್ಲಿಗೆ ತಾಗಿದರೆ ಟಕ್ ಅನ್ನುತ್ತದೆ, ಪಾದಕ್ಕೆ ನೆಲ ಗೊತ್ತಾಗುವುದಿಲ್ಲ. ಈಗ ನನ್ನದು ಬಿ/ಸಿ ದರ್ಜೆ. ಬೇಟೆಯ ಬೆಟ್ಟಕ್ಕೆ ಇದು ಸರಿಯಾದ ನಡುದಾರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನು ಅಳತೆ. ಎಷ್ಟೇ ಒಳ್ಳೆಯ ಬೂಟಾದರೂ ನಿಮ್ಮ ಪಾದದ ಆಕಾರಕ್ಕೆ ಹೊಂದದಿದ್ದರೆ ಅದು ಕಚ್ಚೇ ಕಚ್ಚುತ್ತದೆ. ನನ್ನದು ಬೆರಳ ಕಡೆ ಅಗಲ, ಹಿಮ್ಮಡಿ ಸಣ್ಣ. ಎಲ್ಲರೂ ಹೊಗಳುವ ಒಂದು ಜೋಡಿ ನನಗೆ ಕಿರುಬೆರಳ ಪಕ್ಕ ದಿನವೂ ಗುಳ್ಳೆ ಎಬ್ಬಿಸಿತು. ಈಗ ನಾನು ಬೂಟು ನೋಡಲು ಹೋಗುವುದು ಸಂಜೆಯೇ. ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಬೆಟ್ಟದಲ್ಲೂ ಅಷ್ಟೇ ಅಲ್ವಾ? ಬೇಟೆಗೆ ಹಾಕುವ ಉಣ್ಣೆಯ ಸಾಕ್ಸನ್ನೇ ಒಯ್ಯುತ್ತೇನೆ. ಮೊದಲು ಒಳ ಅಟ್ಟೆಯನ್ನು ಹೊರಗೆಳೆದು ಅದರ ಮೇಲೆ ಎದ್ದು ನಿಲ್ಲುತ್ತೇನೆ. ಪಾದದ ಬದಿ ಅದರಾಚೆ ಚೆಲ್ಲಿದರೆ ಆ ಬೂಟು ನನಗಲ್ಲ. ಆಮೇಲೆ ಲೇಸು ಕಟ್ಟದೆ ಪಾದವನ್ನು ಮುಂದಕ್ಕೆ ತಳ್ಳಿ ಹಿಮ್ಮಡಿಯ ಹಿಂದೆ ಬೆರಳು ಹಾಕಿ ನೋಡುತ್ತೇನೆ. ಒಂದು ಬೆರಳು ಸಲೀಸಾಗಿ ಇಳಿಯಬೇಕು. ಎರಡು ಇಳಿದರೆ ದೊಡ್ಡದಾಯಿತು. ಎರಡು ಪಾದ ಒಂದೇ ಅಳತೆ ಇರುವುದು ಅಪರೂಪ, ದೊಡ್ಡ ಪಾದಕ್ಕೆ ತಕ್ಕಂತೆ ತಗೊಳ್ಳಿ.

ಕೊನೆಯದಾಗಿ ಭಾರದ ಚೀಲ ಹಾಕಿಕೊಂಡು ಯಾವುದಾದರೂ ಇಳಿಜಾರಿನಲ್ಲಿ ಮುಖ ಕೆಳಗೆ ಮಾಡಿ ಇಳಿಯುತ್ತೇನೆ, ಜೋರಾಗಿ ಹೆಜ್ಜೆ ಹಾಕುತ್ತ. ಬೆರಳು ಮೂತಿಗೆ ಒಂದೇ ಒಂದು ಸಲ ತಗುಲಿದರೂ ಆ ಜೋಡಿ ಬೇಡ. ಅಂಗಡಿಯಲ್ಲಿ ಒಂದು ಸಲ ತಗುಲಿದ್ದು ಬೆಟ್ಟದಲ್ಲಿ ಸಾವಿರ ಸಲ ತಗುಲುತ್ತದೆ.

ಲೇಸು ಕಟ್ಟುವುದರಲ್ಲಿ ಅರ್ಧ ಕೆಲಸ ಇದೆ, ಇದನ್ನು ನಾನು ತಡವಾಗಿ ಕಲಿತೆ. ಪಾದ ಮತ್ತು ಕಣಕಾಲು ಸೇರುವ ಮಡಿಕೆಯಲ್ಲಿ ಲೇಸನ್ನು ಒಂದರ ಸುತ್ತ ಒಂದು ಎರಡು ಸುತ್ತು ಹಾಕಿ ಎಳೆದರೆ ಅಲ್ಲೇ ಲಾಕ್ ಆಗುತ್ತದೆ. ಅದರ ಕೆಳಗಿನ ಬಿಗಿ ಬೇರೆ, ಮೇಲಿನ ಬಿಗಿ ಬೇರೆ ಇಟ್ಟುಕೊಳ್ಳಬಹುದು. ಹತ್ತುವಾಗ ಮೇಲ್ಗಡೆ ಸಡಿಲ ಬಿಡುತ್ತೇನೆ, ಕಣಕಾಲು ಮುಂದಕ್ಕೆ ಬಾಗಬೇಕಲ್ಲ. ಇಳಿಯುವ ಮುನ್ನ ಕೂತು, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಪೂರ್ತಿ ಬಿಗಿ ಮಾಡುತ್ತೇನೆ. ಹೆಬ್ಬೆರಳ ಉಗುರು ಉಳಿದಿರುವುದು ಇದರಿಂದಲೇ.

ತೂಕದ ಬಗ್ಗೆ ಒಂದು ಮಾತು. ಕಾಲಿನ ತೂಕ ಬೆನ್ನಿನ ತೂಕದ ಹಾಗಲ್ಲ. 1969ರಲ್ಲಿ ಪ್ರಕಟವಾದ ಸೋಲ್ ಮತ್ತು ಗೋಲ್ಡ್‌ಮನ್ ಅವರ ಅಧ್ಯಯನದಲ್ಲಿ, ಪಾದದ ಮೇಲಿನ ಭಾರಕ್ಕೆ ಖರ್ಚಾಗುವ ಶಕ್ತಿ, ಅಷ್ಟೇ ಭಾರ ದೇಹಕ್ಕೇ ಸೇರಿದ್ದರೆ ಆಗುವುದಕ್ಕಿಂತ ಸುಮಾರು 4ರಿಂದ 6 ಪಟ್ಟು ಜಾಸ್ತಿ ಅಂತ ಬಂತು. ಹಾಗಾಗಿ ಬೇಡದ ಒಂದು ಗ್ರಾಂ ಕೂಡ ನನಗೆ ಬೇಡ. ಆದರೆ ಅಟ್ಟೆಯ ಗಟ್ಟಿತನಕ್ಕಾಗಿ ಬರುವ ತೂಕವನ್ನು ನಾನು ಮನಸಾರೆ ಹೊರುತ್ತೇನೆ.

ಬೆಚ್ಚಗಿನ ಪದರ ಬೇಕೋ ಬೇಡವೋ? ಬೇಟೆಯಲ್ಲಿ ಕತ್ತಲಲ್ಲೇ ಹತ್ತಿ ಮೈಯೆಲ್ಲ ಬೆವರುತ್ತೇವೆ, ಆಮೇಲೆ ದುರ್ಬೀನು ಹಿಡಿದು ಗಾಳಿಗೆ ಮೂರು ಗಂಟೆ ಕೂರುತ್ತೇವೆ. ಪದರ ಇದ್ದರೆ ಹತ್ತುವಾಗ ಜಾಸ್ತಿ ಬೆವರು, ಆ ಒದ್ದೆಯೇ ಕೂತಾಗ ಕಾಲನ್ನು ಮಂಜಾಗಿಸುತ್ತದೆ. ಗಟ್ಟಿ ಹಿಮ ಬೀಳುವ ಕಾಲ ಬಿಟ್ಟರೆ ನಾನು ಪದರವಿಲ್ಲದ ಬೂಟೇ ಹಾಕುತ್ತೇನೆ. ಮೇಲೆ ಮುಟ್ಟಿದ ತಕ್ಷಣ ಒಣ ಸಾಕ್ಸ್ ಬದಲಾಯಿಸುತ್ತೇನೆ. ನೀರು ತಡೆಯುವ ಗೋರ್‌ಟೆಕ್ಸ್ ಒಳಪದರ ನನಗೆ ಇಷ್ಟವೇ. ಆದರೆ ಹೊಳೆ ದಾಟುವಾಗ ಮೇಲಿನಿಂದ ನೀರು ನುಗ್ಗಿದರೆ ಅಂಥ ಬೂಟು ಬೇಗ ಒಣಗುವುದಿಲ್ಲ.

ಅಟ್ಟೆಯ ರಬ್ಬರಿನ ಹಿಂದೆ ಒಂದು ನೋವಿನ ಕತೆ ಇದೆ. 1935ರಲ್ಲಿ ಇಟಲಿಯ ವಿಟಾಲೆ ಬ್ರಮಾನಿ ಆಲ್ಪ್ಸ್‌ನಲ್ಲಿ ಆರು ಜನ ಜೊತೆಗಾರರನ್ನು ಕಳಕೊಂಡರು. ಸರಿಯಾದ ಬೂಟು ಇಲ್ಲದ್ದೂ ಅದಕ್ಕೆ ಕಾರಣವಾಗಿತ್ತು. ಅವರು ಕೂತು ರಬ್ಬರಿನ ಆಳದ ಹಲ್ಲುಗಳಿರುವ ಅಟ್ಟೆ ಮಾಡಿದರು, 1937ರಲ್ಲಿ ಅದು ಬಂತು. ಹೆಸರಿನ ತುಂಡುಗಳನ್ನೇ ಸೇರಿಸಿ ವಿಬ್ರಮ್ ಅಂತ ಕರೆದರು. ನನ್ನ ಬೂಟಿನ ತಳದಲ್ಲಿ ಆ ಹಳದಿ ಗುರುತು ನೋಡಿದಾಗಲೆಲ್ಲ ಆ ಆರು ಜನ ನೆನಪಾಗುತ್ತಾರೆ. ಆರಿಸುವಾಗ ಹಿಮ್ಮಡಿಯ ಹತ್ತಿರ ಅಟ್ಟೆಯಲ್ಲಿ ಒಂದು ಮೆಟ್ಟಿಲಿನಂಥ ಕಚ್ಚು ಇದೆಯಾ ನೋಡಿ. ಒದ್ದೆ ಹುಲ್ಲು, ಮಣ್ಣಿನಲ್ಲಿ ಇಳಿಯುವಾಗ ಬ್ರೇಕ್ ಹಾಕುವುದು ಅದೇ.

ಒಂದು ಸಲ ಮೋಸಹೋದದ್ದನ್ನೂ ಹೇಳಬೇಕು. ವರ್ಷಗಟ್ಟಲೆ ಡಬ್ಬಿಯಲ್ಲೇ ಇದ್ದ, ಒಮ್ಮೆಯೂ ಹಾಕದ ಜೋಡಿಯೊಂದು ಸಿಕ್ಕಿತು. ಹೊಳೆಯುತ್ತಿತ್ತು. ಎರಡನೇ ದಿನ, ತುದಿಗೆ ಇನ್ನರ್ಧ ಗಂಟೆ ಇರುವಾಗ, ಬಲಗಾಲಿನ ಅಟ್ಟೆ ಬಾಯಿ ತೆರೆಯಿತು. ಬೆರಳಿಟ್ಟು ಒತ್ತಿದರೆ ಮಧ್ಯದ ಪದರ ಒಣಗಿದ ಬ್ರೆಡ್ಡಿನ ಹಾಗೆ ಪುಡಿಪುಡಿ. ಹಗ್ಗ ಸುತ್ತಿ, ಕಲ್ಲಿಗೆ ಹಗ್ಗ ಸವೆದಾಗಲೆಲ್ಲ ಮತ್ತೆ ಕಟ್ಟಿ, ಇಡೀ ದಿನ ಇಳಿದೆ. ಬೇಟೆ ಅಲ್ಲಿಗೇ ನಿಂತಿತು. ಆ ಪದರ ಪಾಲಿಯುರೆಥೇನ್‌ನದು. ಗಾಳಿಯ ತೇವಕ್ಕೇ ಅದು ನಿಧಾನವಾಗಿ ಒಡೆಯುತ್ತದೆ, ಹಾಕದೆ ಇಟ್ಟರೂ ಅಷ್ಟೆ. ಈಗ ಹಳೆಯ ಸ್ಟಾಕ್ ಎಷ್ಟೇ ಹೊಸದಾಗಿ ಕಂಡರೂ ಮುಟ್ಟುವುದಿಲ್ಲ. ಅಟ್ಟೆ ಬದಲಾಯಿಸಬಹುದಾದ ಬೂಟೇ ಕೊಳ್ಳುತ್ತೇನೆ.

ಹೊಸ ಜೋಡಿಯನ್ನು ಹಂಗಾಮಿಗೆ ಎರಡು ತಿಂಗಳು ಮೊದಲೇ ತರುತ್ತೇನೆ. ಮೊದಲು ಮನೆಯಲ್ಲಿ ಸುಮ್ನೆ ಓಡಾಟ, ಆಮೇಲೆ ಮೆಟ್ಟಿಲು, ಆಮೇಲೆ ಹೊರೆ ಹಾಕಿಕೊಂಡು ಗುಡ್ಡ. ದಪ್ಪ ತೊಗಲು ಪಾದದ ಆಕಾರಕ್ಕೆ ಬರಲು ಅಷ್ಟು ಹೊತ್ತು ಬೇಕು. ಎಲ್ಲಾದರೂ ಬಿಸಿಯಾದಂತೆ ಅನಿಸಿದರೆ ಅಲ್ಲೇ ನಿಂತು ಟೇಪ್ ಹಚ್ಚುತ್ತೇನೆ, ಮುಂದಿನ ತಿರುವಿನ ತನಕ ಕಾಯುವುದಿಲ್ಲ.

ಸಂಜೆ ಡೇರೆಗೆ ಬಂದಾಗ ಮೊದಲ ಕೆಲಸ ಒಳ ಅಟ್ಟೆ ಹೊರತೆಗೆದು, ಲೇಸು ಪೂರ್ತಿ ಸಡಿಲಿಸಿ, ಬಾಯಿ ಅಗಲಿಸಿ ಗಾಳಿಗೆ ಇಡುವುದು. ಬೆಂಕಿಯ ಹತ್ತಿರ ಎಂದೂ ಇಡುವುದಿಲ್ಲ, ತೊಗಲು ಬಿರಿಯುತ್ತದೆ, ಅಂಟು ಬಿಡುತ್ತದೆ. ಹಿಮ ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಎರಡನ್ನೂ ಒಂದು ಚೀಲದಲ್ಲಿ ಹಾಕಿ ಮಲಗುವ ಚೀಲದೊಳಗೆ ಕಾಲಬುಡದಲ್ಲಿ ಇಟ್ಟುಕೊಳ್ಳುತ್ತೇನೆ. ಬೆಳಗಿನ ಜಾವ ಮೂರು ಗಂಟೆಗೆ ಕಾಲು ತೂರಿಸಿದಾಗ ಅವು ಮೆತ್ತಗೆ, ಬೆಚ್ಚಗೆ ಇರುತ್ತವೆ.