ಡೌನ್‌ಟೌನ್ ಪಕ್ಕದ ಜಾಗವನ್ನು ಸರ್ಕಾರ ಕೊಳ್ಳುವಾಗ: ಸ್ಯಾನ್ ಹೋಸೆಗೆ ಬಂದ ಹೊಸಬರಿಗೆ

ವರ್ಷಕ್ಕೆ ಒಂದೆರಡು ಬಾರಿಯಾದರೂ ನನಗೆ ಇಂಥದೊಂದು ಕರೆ ಬರುತ್ತದೆ. "ಅಂಕಲ್, ನಾವಿರುವ ಕಟ್ಟಡವನ್ನು ಸರ್ಕಾರ ತೆಗೆದುಕೊಳ್ಳುತ್ತದಂತೆ. ಬಾಗಿಲಿಗೆ ಕಾಗದ ಬಂದಿದೆ. ಈಗಲೇ ಬೇರೆ ಮನೆ ನೋಡಬೇಕೆ?" ಕೇಳುವವರು ಊರಿಗೆ ಬಂದು ಆರು ತಿಂಗಳೂ ಆಗಿರುವುದಿಲ್ಲ. ನನ್ನ ಉತ್ತರ ಯಾವಾಗಲೂ ಒಂದೇ: ಬೇಡ, ಮೊದಲು ಆ ಕಾಗದವನ್ನು ಓದಿ. ಅವಸರಪಟ್ಟು ಮನೆ ಖಾಲಿ ಮಾಡಿದರೆ ಕೈಗೆ ಬರಬೇಕಾದ ಹಣ ತಪ್ಪಿಹೋಗಬಹುದು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲ ಪ್ರಶ್ನೆ, ಯಾವ ಸರ್ಕಾರ? ಬೆಂಗಳೂರಿನಿಂದ ಬಂದ ನಮಗೆ ಜಾಗ ತೆಗೆದುಕೊಳ್ಳುವುದು ಎಂದರೆ ಬಿಡಿಎ ಅಧಿಸೂಚನೆ, ಕೆಐಎಡಿಬಿ ನೋಟಿಸು, ಇಲ್ಲವೇ ಮೆಟ್ರೋಗಾಗಿ ಒಡೆದ ಅಂಗಡಿ ಸಾಲು ನೆನಪಿಗೆ ಬರುತ್ತದೆ. ಇಲ್ಲಿ ಸಿಟಿ ಬೇರೆ, ನಮ್ಮ ಜಿಲ್ಲೆಯಂಥ ಕೌಂಟಿ ಬೇರೆ, ಬಸ್ಸು ಮತ್ತು ಲೈಟ್ ರೈಲು ಓಡಿಸುವ ವಿಟಿಎ ಬೇರೆ. ಒಂದೊಂದಕ್ಕೂ ತನ್ನದೇ ಸಭೆಯಿದೆ, ತನ್ನದೇ ಹಣವಿದೆ. ಸಾಂಟಾ ಕ್ಲಾರಾ ಬೀದಿಯ ಆಸುಪಾಸಿನಲ್ಲಿ ಇದ್ದೀರಾದರೆ ಕಾಗದ ವಿಟಿಎಯಿಂದ ಬಂದಿರುವುದೂ ಉಂಟು. ಸ್ಯಾನ್ ಹೋಸೆಯ ಬೆರಿಯೆಸ್ಸಾವರೆಗೆ 2020ರಲ್ಲಿ ಬಂದು ನಿಂತ ಬಾರ್ಟ್ ರೈಲನ್ನು, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಊರುಗಳ ಮೆಟ್ರೋವನ್ನು, ಇನ್ನೂ 6 ಮೈಲಿ ಮುಂದಕ್ಕೆ, ಡೌನ್‌ಟೌನಿನ ಕೆಳಗಿನಿಂದ ಸಾಂಟಾ ಕ್ಲಾರಾ ನಗರದವರೆಗೆ ಒಯ್ಯುವ ಕೆಲಸ ಅದರದು. ಮೋಟೆಲ್ ಒಂದನ್ನು ಕೊಂಡು ಮನೆಯಿಲ್ಲದವರಿಗೆ ವಸತಿ ಮಾಡುವುದಾದರೆ ಅದು ಸಿಟಿಯ ಅಥವಾ ಕೌಂಟಿಯ ಕೆಲಸ. ರಾಜ್ಯದ ಹೋಮ್‌ಕೀ ಯೋಜನೆ 2020ರಲ್ಲಿ ಶುರುವಾದ ಮೇಲೆ ಕ್ಯಾಲಿಫೋರ್ನಿಯಾದ ಉದ್ದಗಲಕ್ಕೂ ಇಂಥ ಖರೀದಿಗಳು ನಡೆದಿವೆ. ಕಾಗದದ ತಲೆಬರಹದಲ್ಲಿ ಯಾರ ಹೆಸರಿದೆಯೋ ಅವರನ್ನೇ ಕೇಳಬೇಕು. ಸಿಟಿಯವರ ಬಳಿ ವಿಟಿಎ ವಿಚಾರ ಕೇಳಿದರೆ ನಗುನಗುತ್ತಲೇ ಕೈಯಾಡಿಸಿಬಿಡುತ್ತಾರೆ.

ಎರಡನೆಯದು, ಕೊಳ್ಳುವುದು ಮತ್ತು ಕಿತ್ತುಕೊಳ್ಳುವುದು ಒಂದೇ ಅಲ್ಲ. ಮಾಲೀಕ ಮಾರಾಟಕ್ಕಿಟ್ಟ ಜಾಗವನ್ನು ಸಿಟಿ ಎಲ್ಲರಂತೆ ಚೌಕಾಸಿ ಮಾಡಿ ಕೊಳ್ಳಬಹುದು. ಮಾಲೀಕ ಒಲ್ಲೆನೆಂದರೂ ಪಡೆಯುವ ಅಧಿಕಾರ ಬೇರೆ, ಅದಕ್ಕೆ ಇಲ್ಲಿ ಎಮಿನೆಂಟ್ ಡೊಮೇನ್ ಎನ್ನುತ್ತಾರೆ. ಅದನ್ನು ಬಳಸಬೇಕಾದರೆ ಸಭೆಯ ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಸ್ಯಾನ್ ಹೋಸೆಯಲ್ಲಿ ಮೇಯರ್ ಸೇರಿ 11 ಜನ, ಅಂದರೆ 8 ಮತ ಬೇಕು. ಜೊತೆಗೆ 2008ರಲ್ಲಿ ಮತದಾರರು ಒಪ್ಪಿದ ಪ್ರಪೊಸಿಷನ್ 99ರ ಪ್ರಕಾರ, ಕನಿಷ್ಠ ಒಂದು ವರ್ಷದಿಂದ ನೀವೇ ವಾಸವಾಗಿರುವ ಸ್ವಂತ ಮನೆಯನ್ನು ಕಿತ್ತು ಖಾಸಗಿಯವರಿಗೆ ಕೊಡುವಂತಿಲ್ಲ. ಆದರೆ ಬಾಡಿಗೆಗೆ ಕೊಟ್ಟ ಮನೆಗಾಗಲಿ ಅಂಗಡಿಗಾಗಲಿ ಆ ರಕ್ಷಣೆ ಇಲ್ಲ. ಹೂಡಿಕೆಗೆಂದು ಡೌನ್‌ಟೌನ್ ಹತ್ತಿರ ಎರಡನೇ ಮನೆ ಕೊಳ್ಳುವ ನಮ್ಮವರು ಇದನ್ನು ಗಮನಿಸುವುದೇ ಇಲ್ಲ.

ಬೆಲೆಯ ವಿಚಾರದಲ್ಲಿ ನಮ್ಮೂರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿ ನೋಂದಣಿ ದರ, ಮಾರ್ಗಸೂಚಿ ಬೆಲೆ, 2013ರ ಭೂಸ್ವಾಧೀನ ಕಾಯ್ದೆಯಂತೆ ಅದರ ಮೇಲೆ ನೂರಕ್ಕೆ ನೂರು ಸೊಲೇಷಿಯಂ, ಅಂದರೆ ಒಲ್ಲದ ಮನಸ್ಸಿನಿಂದ ಬಿಟ್ಟುಕೊಟ್ಟದ್ದಕ್ಕೆ ಸಮಾಧಾನದ ಹೆಚ್ಚುವರಿ ಹಣ. ಇಲ್ಲಿ ಸೊಲೇಷಿಯಂ ಇಲ್ಲ. ಬದಲಿಗೆ, ಆ ಜಾಗದಲ್ಲಿ ಕಾನೂನು ಪ್ರಕಾರ ಏನು ಕಟ್ಟಬಹುದೋ ಅದಕ್ಕೆ ತಕ್ಕ ಮಾರುಕಟ್ಟೆ ಬೆಲೆ. ಇವತ್ತು ಅದು ನಾಲ್ಕು ಕಾರು ನಿಲ್ಲುವ ಡಾಂಬರು ನೆಲವೇ ಆಗಿರಲಿ, ಎತ್ತರದ ಕಟ್ಟಡಕ್ಕೆ ಅವಕಾಶವಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಎಮಿನೆಂಟ್ ಡೊಮೇನ್ ಬೆದರಿಕೆಯ ಅಡಿಯಲ್ಲಿ ಖರೀದಿಗೆ ಕೇಳಿದ್ದಾರೆಂದರೆ, ಮಾಲೀಕ ತನ್ನದೇ ಮೌಲ್ಯಮಾಪಕನನ್ನು ಇಟ್ಟುಕೊಳ್ಳಲು 5,000 ಡಾಲರ್‌ವರೆಗಿನ ವೆಚ್ಚವನ್ನು ಸರ್ಕಾರವೇ ಕೊಡಬೇಕು. ಆ ಹಣವನ್ನು ಕೇಳಿ ಪಡೆಯಲು ಸಂಕೋಚ ಬೇಡ.

ಇನ್ನು ಕೊಂಡ ಜಾಗ ಕೊಂಡ ಉದ್ದೇಶಕ್ಕೇ ಬಳಕೆಯಾಗುತ್ತದೆ ಎಂದು ಯಾರೂ ನಂಬಬಾರದು. ಡೌನ್‌ಟೌನ್ ಪಕ್ಕದ ಡಿರಿಡಾನ್ ರೈಲು ನಿಲ್ದಾಣದ ಕಥೆ ಕೇಳಿ. 2000ದ ದಶಕದಲ್ಲಿ ಸಿಟಿಯ ಪುನರಭಿವೃದ್ಧಿ ಸಂಸ್ಥೆ ಅಲ್ಲಿ ಒಂದೊಂದೇ ನಿವೇಶನವನ್ನು ಕೊಳ್ಳತೊಡಗಿತು. ಓಕ್‌ಲ್ಯಾಂಡಿನ ಬೇಸ್‌ಬಾಲ್ ತಂಡಕ್ಕೆ ಕ್ರೀಡಾಂಗಣ ಕಟ್ಟುವ ಆಸೆ. ಇತ್ತ ರಾಜ್ಯ 2012ರ ಫೆಬ್ರವರಿ 1ರಂದು ಇಂಥ ಸುಮಾರು 400 ಸಂಸ್ಥೆಗಳನ್ನು ಒಟ್ಟಿಗೆ ಮುಚ್ಚಿಹಾಕಿತು. ಅತ್ತ ಈ ಪ್ರದೇಶ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಹಕ್ಕಿಗೆ ಸೇರಿದ್ದೆಂದು ಬೇಸ್‌ಬಾಲ್ ಲೀಗ್ ಪಟ್ಟು ಹಿಡಿಯಿತು. ಸಿಟಿ 2013ರಲ್ಲಿ ಲೀಗ್ ಮೇಲೆ ಮೊಕದ್ದಮೆ ಹೂಡಿ, ಸುಪ್ರೀಂ ಕೋರ್ಟಿನವರೆಗೆ ಹೋಗಿ, 2015ರಲ್ಲಿ ಬರಿಗೈಯಲ್ಲಿ ಮರಳಿತು. ಕೊನೆಗೆ 2018ರ ಡಿಸೆಂಬರ್‌ನಲ್ಲಿ ಸುಮಾರು ಹತ್ತೂವರೆ ಎಕರೆ, ನಮ್ಮ ಲೆಕ್ಕದಲ್ಲಿ 420 ಗುಂಟೆ, 11 ಕೋಟಿ ಡಾಲರಿಗೆ ಗೂಗಲ್ ಕಂಪನಿಗೆ ಹೋಯಿತು. ಬಾಡಿಗೆ ಏರುತ್ತದೆ, ಬಡವರು ಊರು ಬಿಡಬೇಕಾಗುತ್ತದೆ ಎಂದು ವಿರೋಧಿಸಿದ ಕೆಲವರು ಆ ರಾತ್ರಿ ಸಭಾಂಗಣದ ಕುರ್ಚಿಗಳಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡು ಕುಳಿತಿದ್ದರು. 2021ರ ಮೇ ತಿಂಗಳಲ್ಲಿ 80 ಎಕರೆಯ ಇಡೀ ಯೋಜನೆಗೆ ಮಂಜೂರಾತಿ ಸಿಕ್ಕಿತು. 2023ರಲ್ಲಿ ಕೆಲಸ ನಿಂತಿತು. ಕ್ರೀಡಾಂಗಣವೂ ಇಲ್ಲ, ಕಚೇರಿಯೂ ಇಲ್ಲ. ಹಾಗೆಂದು ಸಿಟಿ ಜಾಗ ಕೊಳ್ಳುವುದೇ ತಪ್ಪು ಎನ್ನುವವನು ನಾನಲ್ಲ. ನಿಲ್ದಾಣದ ಪಕ್ಕದ ನೆಲ ಸಾರ್ವಜನಿಕರ ಕೈಯಲ್ಲಿದ್ದರೆ ಒಳ್ಳೆಯದೇ. ಯಾವ ಕೆಲಸಕ್ಕೆ, ಆ ಕೆಲಸ ಆಗದಿದ್ದರೆ ಮುಂದೇನು ಎಂದು ಕೊಳ್ಳುವ ದಿನವೇ ಕೇಳುವವರು ಇರಬೇಕು, ಅಷ್ಟೆ.

ವಲಸಿಗರಾದ ನಾವು ತಿಳಿದಿರಬೇಕಾದ ಇನ್ನೂ ಹಳೆಯ ಸಂಗತಿಯೊಂದಿದೆ. 1887ರಲ್ಲಿ ಇದೇ ಡೌನ್‌ಟೌನಿನ ಮಾರ್ಕೆಟ್ ಬೀದಿಯಲ್ಲಿ ಚೀನಾದವರ ಕೇರಿ ಇತ್ತು. ಹೊಸ ಸಿಟಿ ಹಾಲ್ ಕಟ್ಟುವ ಉಮೇದಿನಲ್ಲಿ ಆಡಳಿತ ಆ ಕೇರಿಯನ್ನು ಸಾರ್ವಜನಿಕ ಪೀಡೆ ಎಂದು ಘೋಷಿಸಿತು. ಎರಡೇ ತಿಂಗಳೊಳಗೆ, ಮೇ 4ರಂದು, ಕೇರಿಗೆ ಬೆಂಕಿ ಬಿತ್ತು. ಯಾರೋ ಹಚ್ಚಿದ ಬೆಂಕಿ. ಸಿಟಿ ಅದಕ್ಕೆ ಕ್ಷಮೆ ಕೇಳಿದ್ದು 2021ರ ಸೆಪ್ಟೆಂಬರ್‌ನಲ್ಲಿ.

ಈಗ ಅಂಗಡಿ ಇಟ್ಟವರಿಗೆ ಒಂದು ಮಾತು. ನನ್ನ ಸ್ನೇಹಿತರೊಬ್ಬರು ಬಾಡಿಗೆ ಮಳಿಗೆಯಲ್ಲಿ ಸಣ್ಣ ಅಂಗಡಿ ನಡೆಸುತ್ತಿದ್ದರು. ಕಟ್ಟಡ ಸರ್ಕಾರದ ಪಾಲಾಗುವ ಸುದ್ದಿ ಅವರಿಗೆ ಮಾಲೀಕರಿಂದ ಸಿಗಲಿಲ್ಲ, ಪಕ್ಕದ ಕ್ಷೌರದಂಗಡಿಯಿಂದ ಸಿಕ್ಕಿತು. ಬಾಡಿಗೆ ಕರಾರು ತೆಗೆದು ನೋಡಿದರೆ, ಜಾಗ ಸರ್ಕಾರದ ವಶವಾದರೆ ಕರಾರು ಅಲ್ಲಿಗೇ ಮುಗಿಯುತ್ತದೆ, ಪರಿಹಾರವೆಲ್ಲ ಮಾಲೀಕರಿಗೆ ಎಂಬ ಸಾಲು ಹದಿನೇಳನೇ ಪುಟದಲ್ಲಿ ಕುಳಿತಿತ್ತು. ಇದು ಇಲ್ಲಿನ ವಾಣಿಜ್ಯ ಕರಾರುಗಳಲ್ಲಿ ಸಾಮಾನ್ಯ. ಸಹಿ ಹಾಕುವ ಮುಂಚೆ ಆ ಸಾಲನ್ನು ಹುಡುಕಿ, ತಿದ್ದಿಸಿ. ಎಮಿನೆಂಟ್ ಡೊಮೇನ್ ಮೂಲಕ ಜಾಗ ಹೋದಾಗ ವ್ಯಾಪಾರ ಸಂಪಾದಿಸಿದ ಹೆಸರಿನ ನಷ್ಟಕ್ಕೂ ಕ್ಯಾಲಿಫೋರ್ನಿಯಾದಲ್ಲಿ ಪರಿಹಾರ ಕೇಳಬಹುದು. ಲೆಕ್ಕಪತ್ರ ಮತ್ತು ತೆರಿಗೆ ವಿವರಗಳು ಅಚ್ಚುಕಟ್ಟಾಗಿದ್ದರೆ ಮಾತ್ರ ಅದು ಸಿಗುತ್ತದೆ. ಗಲ್ಲಾಪೆಟ್ಟಿಗೆಯ ಹಣವನ್ನು ಪುಸ್ತಕಕ್ಕೆ ಬರೆಯದವರಿಗೆ ಆಗ ಬುದ್ಧಿ ಬರುತ್ತದೆ.

ಮನೆ ಬಾಡಿಗೆದಾರರ ವಿಚಾರಕ್ಕೆ ಬರೋಣ. ಸರ್ಕಾರ ಕೊಂಡ ಕಾರಣಕ್ಕೆ ನೀವು ಮನೆ ಬಿಡಬೇಕಾಗಿ ಬಂದರೆ ಸಾಮಾನ್ಯವಾಗಿ ಕನಿಷ್ಠ 90 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಸಾಗಣೆಯ ಖರ್ಚು ಮತ್ತು ಹೊಸ ಮನೆಯ ಹೆಚ್ಚುವರಿ ಬಾಡಿಗೆಗೆ ನೆರವು ಕೇಳುವ ಹಕ್ಕೂ ಇದೆ. ಎಚ್-1ಬಿ ವೀಸಾ ಇದೆಯೆಂದು ಹಿಂಜರಿಯಬೇಡಿ, ಕಾನೂನುಬದ್ಧವಾಗಿ ಇಲ್ಲಿರುವವರಿಗೆ ಪೌರತ್ವದ ಷರತ್ತು ಇಲ್ಲ. ಆದರೆ ಮಾಲೀಕರ ಜೊತೆ ಸರ್ಕಾರದ ಖರೀದಿ ಮಾತುಕತೆ ಅಧಿಕೃತವಾಗಿ ಶುರುವಾಗುವ ಮುಂಚೆಯೇ ಗಾಬರಿಯಿಂದ ಮನೆ ಬದಲಿಸಿದರೆ ಅರ್ಹತೆ ಕಳೆದುಕೊಳ್ಳಬಹುದು. ಆರಂಭದಲ್ಲಿ ಬೇಡ ಎಂದದ್ದು ಇದಕ್ಕೇ. ಸ್ವಂತ ಆಸ್ತಿ ಕಳೆದುಕೊಂಡವರು ಹಳೆಯ ತೆರಿಗೆ ಮೌಲ್ಯವನ್ನು ಹೊಸ ಆಸ್ತಿಗೆ ಒಯ್ಯಬಹುದು, 4 ವರ್ಷದೊಳಗೆ, ಆಸ್ತಿ ತೆರಿಗೆಗೆ ಬೆಲೆ ಕಟ್ಟುವ ಅಧಿಕಾರಿಯಾದ ಕೌಂಟಿ ಅಸೆಸರ್‌ಗೆ ಅರ್ಜಿ ಹಾಕಬೇಕು. ದೊಡ್ಡ ಮೊತ್ತವಾದರೆ ವಕೀಲರ ಶುಲ್ಕಕ್ಕೆ ಜಿಪುಣತನ ಮಾಡಬೇಡಿ.

ಇದೆಲ್ಲ ಮುಂಚೆಯೇ ತಿಳಿಯುವುದು ಹೇಗೆ? ಸ್ಥಳೀಯ ಸರ್ಕಾರಗಳ ಸಭೆಗಳು ಜನರಿಗೆ ತೆರೆದಿರಬೇಕು ಎನ್ನುವ ಬ್ರೌನ್ ಕಾಯ್ದೆ ಎಂಬುದೊಂದು 1953ರಿಂದ ಇದೆ. ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮುಂಚೆ ಪ್ರಕಟಿಸಲೇಬೇಕು. ಅದರಲ್ಲಿ "ಕಾನ್ಫರೆನ್ಸ್ ವಿತ್ ರಿಯಲ್ ಪ್ರಾಪರ್ಟಿ ನೆಗೋಶಿಯೇಟರ್ಸ್" (ಆಸ್ತಿ ವ್ಯವಹಾರ ಮಾತನಾಡುವವರ ಜೊತೆ ಸಮಾಲೋಚನೆ) ಎಂಬ ಶೀರ್ಷಿಕೆಯನ್ನು ಹುಡುಕಿ. ಬೆಲೆಯ ಚರ್ಚೆ ಮುಚ್ಚಿದ ಬಾಗಿಲಿನ ಹಿಂದೆ ನಡೆಯುತ್ತದೆ, ಅದು ನ್ಯಾಯವೂ ಹೌದು. ಕೊಳ್ಳುವವನು ತನ್ನ ಜೇಬನ್ನು ಬಿಚ್ಚಿ ತೋರಿಸಿದರೆ ಚೌಕಾಸಿ ಎಲ್ಲಿಯದು? ಆದರೆ ಯಾವ ಜಾಗ, ಯಾರ ಜೊತೆ ಮಾತುಕತೆ, ಸರ್ಕಾರದ ಪರವಾಗಿ ಯಾರು ಎಂಬುದನ್ನು ತೆರೆದ ಸಭೆಯಲ್ಲಿ ಹೇಳಲೇಬೇಕು. ಬಾಗಿಲು ಮುಚ್ಚುವ ಮುಂಚೆ ನೀವು ಎದ್ದುನಿಂತು ಮಾತನಾಡಬಹುದು. ಪೌರತ್ವ ಬೇಡ, ಮತದ ಹಕ್ಕು ಬೇಡ, ಹೆಸರು ಹೇಳಲೇಬೇಕೆಂಬ ನಿಯಮವೂ ಇಲ್ಲ. ಕನ್ನಡಿಗರ ಸಂಕ್ರಾಂತಿಗೆ, ಯುಗಾದಿಗೆ ಸಭಾಂಗಣ ತುಂಬಿ ಹೊರಗೂ ಜನ ನಿಲ್ಲುವುದನ್ನು ಕಂಡಿದ್ದೇನೆ. ಸಿಟಿ ಸಭೆಯಲ್ಲಿ ಮಾತ್ರ ನಮ್ಮವರ ಮುಖ ಕಾಣುವುದು ಅಪರೂಪ.

ಸಿಟಿ ಕೌನ್ಸಿಲ್ ಹೆಚ್ಚಾಗಿ ಮಂಗಳವಾರ ಮಧ್ಯಾಹ್ನ ಸೇರುತ್ತದೆ. ಮಾತಿಗೆ ಸಿಗುವುದು ಒಂದೆರಡು ನಿಮಿಷ, ಆದ್ದರಿಂದ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕಾರು ಒಯ್ಯಬೇಡಿ. 22ನೇ ನಂಬರಿನ ಬಸ್ಸು ಸಾಂಟಾ ಕ್ಲಾರಾ ಬೀದಿಯಲ್ಲೇ ಸಿಟಿ ಹಾಲ್ ಹತ್ತಿರ ಇಳಿಸುತ್ತದೆ, ನಿಲ್ದಾಣದಿಂದ ನೋಡಿದರೆ ಗಾಜಿನ ದುಂಡು ಗುಮ್ಮಟ ಕಾಣುತ್ತದೆ. ಅದರ ಪಕ್ಕದ ಕಟ್ಟಡಕ್ಕೆ ನಡೆದುಬನ್ನಿ. ನಾನು ಬಂದಿದ್ದರೆ ಹಿಂದಿನ ಸಾಲಿನಲ್ಲಿ ಕುಳಿತಿರುತ್ತೇನೆ.