ನಾಣ್ಯ ಪ್ರದರ್ಶನಕ್ಕೆ ಮೊದಲ ಸಲ ಹೊರಟವರಿಗೆ

ಮ್ಯೂಸಿಯಂನಲ್ಲಿ ಟಿಪ್ಪುವಿನ ಆನೆ ಕಾಸು ಗಾಜಿನ ಆಚೆ ಇರುತ್ತದೆ. ನಾಣ್ಯ ಪ್ರದರ್ಶನದಲ್ಲಿ ಅದೇ ಕಾಸನ್ನು ಡೀಲರ್ ನಿಮ್ಮ ಅಂಗೈಗೆ ಹಾಕುತ್ತಾರೆ. ಕೈಗೆ ತೆಗೆದುಕೊಂಡು, ತೂಕ ನೋಡಿ, ಅಂಚು ತಿರುಗಿಸಿ, ಇನ್ನೊಂದರ ಪಕ್ಕದಲ್ಲಿಟ್ಟು ನೋಡದೆ ನಾಣ್ಯದ ವಿದ್ಯೆ ಯಾರಿಗೂ ಬರುವುದಿಲ್ಲ. ಇದಕ್ಕೆ ನಮ್ಮಂಥವರಿಗೆ ಇರುವ ಶಾಲೆಯೆಂದರೆ ಈ ಡೀಲರ್‌ಗಳ ಟೇಬಲ್ಲೇ. ಮೊದಲ ಸಲ ಹೋಗುವವರು ಖರೀದಿಗಿಂತ ನೋಡುವುದಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಅದಕ್ಕೇ.

ನಾನು ತುಮಕೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಸಂಗ್ರಹಿಸುವುದು ಮೈಸೂರಿನ ತಾಮ್ರ ಮಾತ್ರ: ಹೈದರ್, ಟಿಪ್ಪು, ಮುಮ್ಮಡಿ ಕೃಷ್ಣರಾಜ ಒಡೆಯರ್. ಬೆಳಗಿನ ರೈಲು ಹಿಡಿದು ಮೆಜೆಸ್ಟಿಕ್‌ನಲ್ಲಿ ಇಳಿದರೆ ಕೆ.ಜಿ. ರಸ್ತೆಯ ಶಿಕ್ಷಕರ ಸದನಕ್ಕೆ ನಡೆದೇ ಹೋಗಬಹುದು. ಬೆಂಗಳೂರಿನ ಎಷ್ಟೋ ನಾಣ್ಯ ಪ್ರದರ್ಶನಗಳು ನಡೆದಿರುವುದು ಅಲ್ಲಿ. ಸಾಮಾನ್ಯವಾಗಿ ಶುಕ್ರವಾರದಿಂದ ಭಾನುವಾರದವರೆಗೆ ಇರುತ್ತದೆ. ಒಂದು ಕಡೆ ಸಂಗ್ರಾಹಕರು ಫ್ರೇಮಿನಲ್ಲಿಟ್ಟು ತೋರಿಸುವ ನಾಣ್ಯ, ನೋಟು. ಇನ್ನೊಂದು ಕಡೆ ಸಾಲಾಗಿ ಡೀಲರ್‌ಗಳ ಟೇಬಲ್ಲು. ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತ, ರಾಜಸ್ಥಾನದ ಕಡೆಯಿಂದೆಲ್ಲ ಬಂದಿರುತ್ತಾರೆ. ಕನ್ನಡ, ಹಿಂದಿ, ತಮಿಳು ಒಂದೇ ಟೇಬಲ್ಲಿನಲ್ಲಿ ನಡೆಯುತ್ತಿರುತ್ತವೆ, ಭಾಷೆಗೆ ಹೆದರಬೇಡಿ.

ಹೋಗುವ ಮೊದಲು ಒಂದು ವಿಷಯ ಆರಿಸಿಕೊಳ್ಳಿ. ಐದನೇ ಜಾರ್ಜ್ ರೂಪಾಯಿಯೋ, 1957ರ ನಯಾ ಪೈಸೆಯೋ, ವಿಜಯನಗರದ ತಾಮ್ರವೋ, ಯಾವುದಾದರೂ ಸರಿ. "ಹಳೇ ನಾಣ್ಯ ಏನಿದೆ ತೋರಿಸಿ" ಎಂದವರಿಗೆ ಡೀಲರ್ ಮುಂದಿನ ತಟ್ಟೆಯನ್ನು ತೋರಿಸಿ ಸುಮ್ಮನಾಗುತ್ತಾರೆ. "ಮುಮ್ಮಡಿಯವರ ಇಪ್ಪತ್ತು ಕಾಸು ಇದೆಯಾ? ಸಿಂಹದ್ದು" ಎಂದು ಕೇಳಿದರೆ ಟೇಬಲ್ಲಿನ ಕೆಳಗಿನ ಡಬ್ಬಿ ಮೇಲೆ ಬರುತ್ತದೆ. ಮೊದಮೊದಲು ನನ್ನನ್ನು "ಯಜಮಾನ್ರು ಕಲೆಕ್ಟ್ ಮಾಡ್ತಾರಾ ಮೇಡಂ?" ಎಂದು ಕೇಳುತ್ತಿದ್ದವರೇ, "ಇಲ್ಲ ಸಾರ್, ನಾನೇ. ಶ್ರೀರಂಗಪಟ್ಟಣದ ಟಂಕಸಾಲೆಯ ಟಿಪ್ಪು ಪೈಸೆ ಬೇಕಿತ್ತು" ಎಂದ ಕೂಡಲೇ ಕುರ್ಚಿ ಎಳೆದು ಕೊಟ್ಟಿದ್ದಾರೆ. ಹೆಣ್ಣುಮಕ್ಕಳು ಈ ಹವ್ಯಾಸಕ್ಕೆ ಬರಬೇಕು. ವಿಷಯ ಗೊತ್ತಿರುವವರಿಗೆ ಅಲ್ಲಿ ಮರ್ಯಾದೆ ಇದೆ.

ಬ್ಯಾಗಿನಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, 0.01 ಗ್ರಾಂವರೆಗೆ ತೂಗುವ ಪುಟ್ಟ ತಕ್ಕಡಿ, ಒಂದು ಸಣ್ಣ ಅಯಸ್ಕಾಂತ, ನಿಮ್ಮಲ್ಲಿ ಈಗಾಗಲೇ ಇರುವುದರ ಮತ್ತು ಬೇಕಾಗಿರುವುದರ ಪಟ್ಟಿ ಇರಲಿ. ಫೋನಿನಲ್ಲಿ ದುಡ್ಡು ಕಳಿಸಬಹುದು, ಆದರೂ ಸ್ವಲ್ಪ ನಗದು ಜೊತೆಗಿದ್ದರೆ ಒಳ್ಳೆಯದು. ಇಷ್ಟಕ್ಕಿಂತ ಹೆಚ್ಚು ಖರ್ಚು ಮಾಡುವುದಿಲ್ಲ ಎಂಬ ಲೆಕ್ಕ ಮನೆಯಲ್ಲೇ ಆಗಿರಬೇಕು.

ಒಳಗೆ ಹೋದ ಮೇಲೆ ಮೊದಲ ಟೇಬಲ್ಲಿನಲ್ಲೇ ನಿಂತುಬಿಡಬೇಡಿ. ಇಡೀ ಹಾಲನ್ನು ಒಂದು ಸುತ್ತು ಹಾಕಿ, ಯಾರ ಬಳಿ ಏನಿದೆ, ಒಂದೇ ಥರದ ನಾಣ್ಯಕ್ಕೆ ಯಾರು ಎಷ್ಟು ಹೇಳುತ್ತಿದ್ದಾರೆ ಎಂದು ಗಮನಿಸಿ. ಮೊದಲ ದಿನ ಬೆಳಿಗ್ಗೆ ಒಳ್ಳೆಯ ಮಾಲು ಡೀಲರ್‌ಗಳ ನಡುವೆಯೇ ಕೈ ಬದಲಾಗುತ್ತಿರುತ್ತದೆ. ಅಪರೂಪದ್ದು ಬೇಕೆಂದರೆ ಆಗ ಹೋಗಬೇಕು. ಕಲಿಯುವವರಿಗೆ ಎರಡನೇ ದಿನ ವಾಸಿ. ಕೊನೆಯ ದಿನ ಮಧ್ಯಾಹ್ನದ ಮೇಲೆ ದೂರದಿಂದ ಬಂದವರು ಗಂಟು ಕಟ್ಟುವ ಹೊತ್ತಿಗೆ ಬೆಲೆ ಸ್ವಲ್ಪ ಇಳಿಯುತ್ತದೆ, ಆದರೆ ಆಯ್ಕೆ ಕಡಿಮೆಯಾಗಿರುತ್ತದೆ.

ಟೇಬಲ್ಲಿನ ಮುಂದೆ ನಡೆದುಕೊಳ್ಳುವ ರೀತಿ ಬಹಳ ಮುಖ್ಯ. "ನೋಡಬಹುದಾ ಸಾರ್?" ಎಂದು ಕೇಳಿಯೇ ನಾಣ್ಯ ಎತ್ತಿ. ಒಂದು ಸಲಕ್ಕೆ ಒಂದೇ. ಹೆಬ್ಬೆರಳು, ತೋರುಬೆರಳಲ್ಲಿ ಅಂಚನ್ನು ಹಿಡಿಯಬೇಕು, ಮುಖ ಮುಟ್ಟಬಾರದು. ಬೆವರಿನ ಗುರುತು ಬೆಳ್ಳಿಯ ಮೇಲೆ ಉಳಿದುಬಿಡುತ್ತದೆ. ಕೈ ಜಾರಿದರೂ ಬಟ್ಟೆಯ ಮೇಲೆ ಬೀಳುವಂತೆ ಟೇಬಲ್ಲಿಗೆ ಹತ್ತಿರದಲ್ಲೇ ಹಿಡಿಯಿರಿ. ಹಿಂದಿನವರು ರೂಪಾಯಿಯನ್ನು ಕಲ್ಲಿನ ಮೇಲೆ ಠಣ್ ಅನ್ನಿಸಿ ಪರೀಕ್ಷೆ ಮಾಡುತ್ತಿದ್ದರಲ್ಲ, ಅದನ್ನು ಇಲ್ಲಿ ಮಾಡಲೇಬೇಡಿ. ನಿಮ್ಮದೇ ನಾಣ್ಯ ತಂದಿದ್ದರೆ ಅದನ್ನು ಅವರ ತಟ್ಟೆಯ ಮೇಲೆ ಇಡಬೇಡಿ, ಯಾವುದು ಯಾರದ್ದು ಎಂಬ ಗೊಂದಲ ಇಬ್ಬರಿಗೂ ಬೇಡ. ಪಕ್ಕದವರು ವ್ಯಾಪಾರ ಮಾಡುತ್ತಿರುವಾಗ ನಡುವೆ ಬಾಯಿ ಹಾಕಬಾರದು. ನಾಣ್ಯ ನಕಲಿ ಅನ್ನಿಸಿದರೆ ಜೋರಾಗಿ ಹೇಳದೆ ಸುಮ್ಮನೆ ಕೆಳಗಿಟ್ಟು "ಬೇಡ ಸಾರ್" ಅಂದರೆ ಸಾಕು.

ಚೌಕಾಸಿ ಇದೆ, ಆದರೆ ಸಂತೆಯ ಚೌಕಾಸಿ ಅಲ್ಲ. ಡೀಲರ್ 1,200 ಎಂದರೆ 300ಕ್ಕೆ ಕೇಳುವುದು ಅವಮಾನ. "ಕೊನೇ ರೇಟ್ ಹೇಳಿ ಸಾರ್" ಎನ್ನಿ. 1,100 ಅನ್ನಬಹುದು. "ಇವೆರಡನ್ನೂ ತಗೊಂಡ್ರೆ?" ಎಂದು ಕೇಳಿದರೆ ಇನ್ನೂ ಇಳಿಯುತ್ತಾರೆ. ಬೆಳಗಿನ ಬೋಣಿಯ ಗಿರಾಕಿಯನ್ನು ಬರಿಗೈಲಿ ಕಳಿಸುವುದು ಅವರಿಗೂ ಇಷ್ಟವಿರುವುದಿಲ್ಲ. ಆದರೆ ನೀವು ಹೇಳಿದ ಬೆಲೆಗೆ ಅವರು "ಆಯ್ತು" ಎಂದ ಮೇಲೆ ಹಿಂದೆ ಸರಿಯುವಂತಿಲ್ಲ. ಈ ವ್ಯಾಪಾರ ನಡೆಯುವುದು ಮಾತಿನ ಮೇಲೆ, ಹಾಗೆ ಮಾಡಿದವರ ಹೆಸರು ಹಾಲಿನ ತುಂಬ ಹರಡುತ್ತದೆ. ತೆಗೆದುಕೊಳ್ಳುವ ಮನಸ್ಸಿಲ್ಲದಿದ್ದರೆ ಬೆಲೆ ಕಟ್ಟಲೇಬೇಡಿ.

ಬೆಲೆಯ ಅಂದಾಜು ಹೇಗೆ? ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯಿಂದ ಶುರು ಮಾಡಿ, ಅದು ಸುಲಭ. 1835ರಿಂದ ಬಂದ ಒಂದೇ ಅಳತೆಯ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಅಂದರೆ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. ಅವತ್ತಿನ ಬೆಳ್ಳಿ ದರದಿಂದ ಗುಣಿಸಿದರೆ ತಳದ ಬೆಲೆ ಸಿಕ್ಕಿತು. ಸಾಮಾನ್ಯ ಇಸವಿಯ, ಸವೆದ ವಿಕ್ಟೋರಿಯಾ ಅಥವಾ ಐದನೇ ಜಾರ್ಜ್ ರೂಪಾಯಿ ಅದರ ಆಸುಪಾಸಿನಲ್ಲೇ ಇರಬೇಕು. ಆರನೇ ಜಾರ್ಜ್‌ನ 1940ರಿಂದ 1945ರ ರೂಪಾಯಿಗಳಲ್ಲಿ ಬೆಳ್ಳಿ ಅರ್ಧದಷ್ಟೇ. 1947ರ ಹುಲಿಯ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತದೆ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗದ್ದಲವಾಗಿ, ಮರುವರ್ಷ ಸೊಂಡಿಲು ತಿದ್ದಿದರು. ಹಾಗಾಗಿ 1911ಕ್ಕೆ ಬೆಲೆ ಹೆಚ್ಚು. ಲೂಪ್ ಇಟ್ಟು ನೀವೇ ನೋಡಿ. 1939ರ ರೂಪಾಯಿ ನಿಜವಾಗಿಯೂ ಅಪರೂಪ. ಅದಕ್ಕೇ ಎರಕ ಹೊಯ್ದ, ಅಂಕಿ ತಿದ್ದಿದ ನಕಲಿಗಳು ತುಂಬಿವೆ. ಹೊಸಬರು ಅದರ ಹತ್ತಿರ ಹೋಗದಿರುವುದೇ ಕ್ಷೇಮ.

ಬೆಳ್ಳಿ ರೂಪಾಯಿಯ ಅಂಚನ್ನು ಸುತ್ತಲೂ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ನಮ್ಮ ಕಡೆ ರೂಪಾಯಿಗಳಿಗೆ ಕೊಂಡಿ ಬೆಸೆದು ಸರ ಮಾಡಿ ಹಾಕಿಕೊಳ್ಳುತ್ತಿದ್ದರು. ಆಮೇಲೆ ಕೊಂಡಿ ಕಿತ್ತು ಉಜ್ಜಿರುತ್ತಾರೆ. ಆದರೆ ರಾಜನ ತಲೆಯ ನೇರಕ್ಕೆ ಅಂಚಿನ ಗೀರುಗಳು ಅರ್ಧ ಬೆರಳಗಲ ಮಾಯವಾಗಿರುತ್ತವೆ, ಬೆಸುಗೆಯ ಬಣ್ಣ ಸ್ವಲ್ಪ ಬೇರೆ ಇರುತ್ತದೆ. ಅಂಥದ್ದಕ್ಕೆ ಬೆಳ್ಳಿಯ ಬೆಲೆ ಮಾತ್ರ. ಎರಕದ ನಕಲಿಗೆ ಮೈಮೇಲೆ ಸೂಜಿಮೊನೆಯಂಥ ತೂತುಗಳಿರುತ್ತವೆ, ಅಕ್ಷರದ ಮೂಲೆಗಳು ಕರಗಿದಂತಿರುತ್ತವೆ, ಕೆಲವೊಮ್ಮೆ ಅಂಚಿನಲ್ಲಿ ಎರಡು ಹೋಳು ಕೂಡಿದ ಗೆರೆ ಕಾಣುತ್ತದೆ. ಸವೆತದಿಂದ ತೂಕ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ನಿಜವಾದ ರೂಪಾಯಿ ಸಾಮಾನ್ಯವಾಗಿ 10 ಗ್ರಾಂಗೆ ಇಳಿಯುವುದಿಲ್ಲ.

ಇನ್ನು ನನ್ನ ತಾಮ್ರದ ವಿಷಯ. ಟಿಪ್ಪುವಿನ ಪೈಸೆ ಸುಮಾರು 11 ಗ್ರಾಂ, ಜೋಡಿ ಪೈಸೆ ಸುಮಾರು 22. ಒಂದು ಬದಿ ಆನೆ, ಇನ್ನೊಂದು ಬದಿ ಪರ್ಷಿಯನ್ ಅಕ್ಷರದಲ್ಲಿ ಟಂಕಸಾಲೆಯ ಹೆಸರು. ಶ್ರೀರಂಗಪಟ್ಟಣಕ್ಕೆ 'ಪಟನ್', ಬಿದನೂರಿಗೆ 'ನಗರ್'. ಈ ಎರಡರ ಆಕಾರ ಕಣ್ಣಿಗೆ ಕೂತರೆ ಅರ್ಧ ಡಬ್ಬಿಯನ್ನು ನೀವೇ ಬೇರ್ಪಡಿಸಬಲ್ಲಿರಿ, ಪರ್ಷಿಯನ್ ಬರಬೇಕೆಂದೇನಿಲ್ಲ. ಇಸವಿಯಲ್ಲಿ ಒಂದು ಸೊಗಸಿದೆ. ಟಿಪ್ಪು ಮೌಲೂದಿ ಎಂಬ ಹೊಸ ವರ್ಷಗಣನೆ ತಂದ ಮೇಲೆ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 1215 ಎಂಬುದು ನಮ್ಮ ಕಣ್ಣಿಗೆ 5121 ಆಗಿ ಕಾಣುತ್ತದೆ. ಇದನ್ನು ತಿಳಿದು ಓದಿ ಹೇಳಿದರೆ ಡೀಲರ್ ನಿಮ್ಮೊಡನೆ ಮಾತಾಡುವ ಧಾಟಿಯೇ ಬದಲಾಗುತ್ತದೆ. ಪ್ರವಾಸಿ ಜಾಗಗಳಲ್ಲಿ ಮಾರುವ 'ಟಿಪ್ಪು ನಾಣ್ಯ'ಗಳನ್ನು ನೋಡಿದವರಿಗೆ ನಿಜವಾದ ಆನೆಯ ಗೆರೆ ಎಷ್ಟು ಚೂಪಾಗಿರುತ್ತದೆ ಎಂಬುದು ಇಲ್ಲಿ ತಿಳಿಯುತ್ತದೆ.

ಮುಮ್ಮಡಿಯವರ ಕಾಸುಗಳು 1843ರವರೆಗೆ ಅಚ್ಚಾದವು. ಆನೆಯೋ ಸಿಂಹವೋ ಇರುವ ಇವುಗಳಲ್ಲಿ ಅನೇಕದರ ಮೇಲೆ 'ಮಯಿಲಿ ಕಾಸು' ಎಂದು ಕನ್ನಡದಲ್ಲೇ ಇದೆ. ಹಲವದರಲ್ಲಿ ಇಂಗ್ಲಿಷಿನ 'ಎಕ್ಸ್‌ ಎಕ್ಸ್‌ ಕ್ಯಾಶ್' (ಇಪ್ಪತ್ತು ಕಾಸು) ಕೂಡ. ಅಚ್ಚು ದೊಡ್ಡದು, ತಾಮ್ರದ ಬಿಲ್ಲೆ ಚಿಕ್ಕದು. ಆದ್ದರಿಂದ ಬರಹ ಪೂರ್ತಿ ಬಿದ್ದಿರುವುದು ಕಡಿಮೆ. ಬೆಲೆ ನಿಲ್ಲುವುದು ಅದರ ಮೇಲೆಯೇ. ಒಂದೇ ಥರದ ಎರಡು ಕಾಸಿನಲ್ಲಿ ಒಂದರಲ್ಲಿ 'ಮಯಿಲಿ' ಪೂರ್ತಿ ಓದಲು ಬಂದು, ಇನ್ನೊಂದರಲ್ಲಿ ಕೊನೆಯ 'ಲಿ' ಅಂಚಿನಾಚೆ ಹೋಗಿದ್ದರೆ ಮೊದಲನೆಯದಕ್ಕೆ ಎರಡು ಪಟ್ಟು ಕೊಡಲು ನಾನು ಸಿದ್ಧ. ಗಟ್ಟಿಯಾಗಿ ಕೂತ ಕಡುಹಸಿರು ಬಣ್ಣದಿಂದ ತೊಂದರೆಯಿಲ್ಲ. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಮಾತ್ರ ರೋಗ, ಅದು ನಾಣ್ಯವನ್ನು ತಿನ್ನುತ್ತಲೇ ಹೋಗುತ್ತದೆ. ಅಂಥದ್ದು ಪುಕ್ಕಟೆ ಕೊಟ್ಟರೂ ಬೇಡ.

ಕಂಠೀರಾಯ ಹಣ ಎಂಬ ಹಳೆಯ ಮೈಸೂರು ನಾಣ್ಯ ತೊಗರಿ ಕಾಳಿನಷ್ಟು ಚಿನ್ನ. ತೂಕ 0.35 ಗ್ರಾಂ ಆಸುಪಾಸು, ಮೇಲೆ ನರಸಿಂಹ. ಆಸೆ ಹುಟ್ಟಿಸುವ ನಾಣ್ಯ ಅದು. ಆದರೆ ಚಿನ್ನವನ್ನು ಪರಿಚಯವಿಲ್ಲದ ಟೇಬಲ್ಲಿನಲ್ಲಿ, ಬಿಲ್ ಇಲ್ಲದೆ ಕೊಳ್ಳಬೇಡಿ. ಚಿನ್ನ ಅಸಲಿಯಾಗಿದ್ದೂ ನಾಣ್ಯ ಈಚೆಗೆ ಮಾಡಿದ್ದಾಗಿರಬಹುದು.

ಯಾವುದೇ ದೊಡ್ಡ ಖರೀದಿಗೆ ಮುನ್ನ "ನಕಲಿ ಅಂತ ಗೊತ್ತಾದ್ರೆ ವಾಪಸ್ ತಗೋತೀರಾ ಸಾರ್?" ಎಂದು ನೇರವಾಗಿ ಕೇಳಿ. ಒಳ್ಳೆಯ ಡೀಲರ್ ಬೇಸರಿಸಿಕೊಳ್ಳುವುದಿಲ್ಲ, ಬಿಲ್ಲಿನ ಮೇಲೆ ನಾಣ್ಯದ ವಿವರ, ತೂಕ ಬರೆದುಕೊಡುತ್ತಾರೆ. ಮಣ್ಣು ಮೆತ್ತಿದ ನಾಣ್ಯಗಳನ್ನು ತಗ್ಗಿದ ದನಿಯಲ್ಲಿ "ಹೊಲದಲ್ಲಿ ಸಿಕ್ಕಿದ್ದು" ಎಂದು ತೋರಿಸುವವರಿಂದ ದೂರವಿರಿ. 1878ರ ನಿಧಿ ಕಾಯ್ದೆಯಂತೆ ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಅಮೆರಿಕದಲ್ಲಿರುವ ಮಗಳಿಗೋ ತಮ್ಮನಿಗೋ ಉಡುಗೊರೆ ಕಳಿಸುವ ಯೋಚನೆ ಇದ್ದರೆ ನೆನಪಿಡಿ: 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ದೇಶದಿಂದ ಆಚೆ ಒಯ್ಯುವಂತಿಲ್ಲ.

1818 ಎಂದು ಬರೆದ ರಾಮ, ಸೀತೆ, ಹನುಮಂತರ ಈಸ್ಟ್ ಇಂಡಿಯಾ ಕಂಪನಿ 'ಆಣೆ'ಗಳನ್ನು ಕಂಪನಿ ಎಂದೂ ಹೊರಡಿಸಿಲ್ಲ. ದೇವರ ಮನೆಗೆ ಇಟ್ಟುಕೊಳ್ಳಿ, ನಾಣ್ಯವೆಂದು ಕೊಳ್ಳಬೇಡಿ. ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷ ಲಕ್ಷ ಕೊಡುತ್ತಾರೆಂಬುದೂ ಸುಳ್ಳು. ಹಳೇ ನಾಣ್ಯ, ನೋಟು ಮಾರಿಸಿಕೊಡುತ್ತೇವೆಂದು ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಮನೆಯಲ್ಲಿ ಅಜ್ಜಿಯ ಕಾಲದ ನಾಣ್ಯಗಳಿದ್ದು ಮಾರಬೇಕೆಂದಿದ್ದರೆ ಹೇಗಿವೆಯೋ ಹಾಗೇ ತನ್ನಿ. ಹುಣಸೆಹಣ್ಣು ಹಾಕಿ ತಾಮ್ರ ತಿಕ್ಕುವುದು, ವಿಭೂತಿ ಹಾಕಿ ಬೆಳ್ಳಿ ಉಜ್ಜುವುದು ಪೂಜೆ ಪಾತ್ರೆಗೆ ಸರಿ, ನಾಣ್ಯಕ್ಕೆ ಅಲ್ಲ. ಉಜ್ಜಿದ ನಾಣ್ಯದ ಹಳೆಯ ಬಣ್ಣ ಹೋಗಿ ಬೆಲೆ ಬಿದ್ದುಹೋಗುತ್ತದೆ. ಮೂರು ನಾಲ್ಕು ಟೇಬಲ್ಲಿಗೆ ತೋರಿಸಿ, ಪ್ರತಿಯೊಬ್ಬರೂ ಹೇಳಿದ್ದನ್ನು ಬರೆದುಕೊಳ್ಳಿ. ಡೀಲರ್ ಮಾರುವ ಬೆಲೆಗೇ ನಿಮ್ಮಿಂದ ಕೊಳ್ಳುವುದಿಲ್ಲ. ಟೇಬಲ್ ಬಾಡಿಗೆ, ಲಾಡ್ಜು, ಪ್ರಯಾಣ, ವರ್ಷಗಟ್ಟಲೆ ಮಾರಾಟವಾಗದೆ ಕೂತ ಬಂಡವಾಳ ಎಲ್ಲವೂ ಆ ಬೆಲೆಯ ವ್ಯತ್ಯಾಸದಿಂದಲೇ ಹುಟ್ಟಬೇಕು. ಇದು ಮೋಸವಲ್ಲ, ಅವರ ಜೀವನ.

ಹೊರಡುವ ಮೊದಲು ಇಷ್ಟವಾದ ಇಬ್ಬರು ಮೂವರು ಡೀಲರ್‌ಗಳಿಗೆ ನಿಮ್ಮ ಹೆಸರು, ಫೋನ್ ನಂಬರು, ಹುಡುಕುತ್ತಿರುವ ನಾಣ್ಯಗಳ ಪಟ್ಟಿ ಕೊಟ್ಟು ಬನ್ನಿ. ನನ್ನ ಸಂಗ್ರಹದ ಒಳ್ಳೆಯ ಕಾಸುಗಳಲ್ಲಿ ಹೆಚ್ಚಿನವು ಹೀಗೆ "ಮೇಡಂ, ನೀವು ಕೇಳಿದ್ದು ಬಂದಿದೆ" ಎಂಬ ಕರೆಯಿಂದ ಬಂದವು. ಮನೆಗೆ ಬಂದ ದಿನವೇ ಪ್ರತಿ ನಾಣ್ಯಕ್ಕೂ ಚೀಟಿ ಬರೆಯಿರಿ: ಏನು, ತೂಕ, ಕೊಂಡ ದಿನ, ಯಾರಿಂದ, ಎಷ್ಟಕ್ಕೆ. ಅಗ್ಗದ ಮೆದು ಪಿವಿಸಿ ಪೌಚಿನಲ್ಲಿ ಕೊಟ್ಟಿದ್ದರೆ ಕೂಡಲೇ ತೆಗೆದುಬಿಡಿ, ಕೆಲವು ವರ್ಷಕ್ಕೆ ಅದು ಹಸಿರು ಅಂಟು ಬಿಡುತ್ತದೆ. ರಟ್ಟಿನ ಚೌಕ ಹೋಲ್ಡರ್ ಸಾಕು. ತಾಮ್ರದ ನಾಣ್ಯಗಳ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲ ಶುರುವಾಗುವ ಮುಂಚೆ ಅದನ್ನು ಬದಲಾಯಿಸಿ.