ಚೆಸ್ ಎಂಜಿನ್‌ಗೆ ಎಂಡ್‌ಗೇಮ್ ಕಲಿಸುವ ಬಗೆ

ಪುಣೆಯ ಹಿಂಜವಡಿಯಲ್ಲಿ ನೌಕರಿ ಮಾಡುತ್ತ ವಾರಾಂತ್ಯಗಳಲ್ಲಿ ಸ್ವಂತ ಚೆಸ್ ಎಂಜಿನ್ (ಚೆಸ್ ಆಡುವ ತಂತ್ರಾಂಶ) ಬರೆಯುವ ಕನ್ನಡಿಗ ಗೆಳೆಯರನ್ನು ಕಾಡುವ ಪ್ರಶ್ನೆಯೆಂದರೆ, ಮಧ್ಯದಾಟದಲ್ಲಿ ಚುರುಕಾಗಿರುವ ಎಂಜಿನ್ ಕಾಯಿಗಳು ಕರಗಿದ ಮೇಲೆ ಗೆಲ್ಲುವ ಆಟವನ್ನು ಏಕೆ ಕೈಚೆಲ್ಲುತ್ತದೆ ಎಂಬುದು. ಹೆಚ್ಚಿನವರು ಕೂಡಲೇ ಟೇಬಲ್‌ಬೇಸ್, ಅಂದರೆ ಕೆಲವೇ ಕಾಯಿಗಳುಳಿದ ಸ್ಥಿತಿಗಳ ಫಲಿತಾಂಶವನ್ನು ಮೊದಲೇ ಲೆಕ್ಕ ಹಾಕಿಟ್ಟ ಕಡತಗಳನ್ನು, ಇಳಿಸಿಕೊಳ್ಳಲು ಹೊರಡುತ್ತಾರೆ. ನನ್ನ ಮಟ್ಟಿಗೆ ಅದು ಕೊನೆಯ ಕೆಲಸ.

ಮೊದಲು ಮುಂದಿನ ನಡೆಗಳನ್ನು ಹುಡುಕಿ ನೋಡುವ ಭಾಗವನ್ನು ಸರಿಪಡಿಸಿ. ನಲ್ ಮೂವ್ ತಂತ್ರವು, ಸರದಿಯನ್ನು ಬಿಟ್ಟುಕೊಟ್ಟರೂ ಸ್ಥಿತಿ ಕೆಡದಿದ್ದರೆ ಆ ಕವಲನ್ನು ಮುಂದೆ ನೋಡಬೇಕಿಲ್ಲ ಎಂದು ಭಾವಿಸುತ್ತದೆ. ಬಿಳಿಯ ರಾಜ ಇ5ರಲ್ಲಿ, ಕಾಲಾಳು ಇ4ರಲ್ಲಿ, ಕಪ್ಪು ರಾಜ ಇ7ರಲ್ಲಿ ಇರುವ ಸ್ಥಿತಿಯನ್ನು ನೋಡಿ: ಬಿಳಿಯ ಸರದಿಯಾದರೆ ಡ್ರಾ, ಕಪ್ಪಿನ ಸರದಿಯಾದರೆ ಕಪ್ಪಿಗೆ ಸೋಲು. ಇಲ್ಲಿ ಕಪ್ಪು ನಡೆಯದೆ ಸುಮ್ಮನಿರಬಹುದು ಎಂದು ಊಹಿಸಿದ ಎಂಜಿನ್ ಸೋಲನ್ನು ಡ್ರಾ ಎಂದೇ ಬರೆದುಕೊಳ್ಳುತ್ತದೆ. ಆದ್ದರಿಂದ ನಡೆಯುವವರ ಬಳಿ ರಾಜ ಮತ್ತು ಕಾಲಾಳುಗಳಷ್ಟೇ ಉಳಿದಾಗ ನಲ್ ಮೂವ್ ಅನ್ನು ನಿಲ್ಲಿಸಬೇಕು.

ಅನಂತರ ಒಂದೇ ಕಾಲಾಳಿನ ಆಟಕ್ಕೆ ಬಿಟ್‌ಬೇಸ್ (ಪ್ರತಿ ಸ್ಥಿತಿ ಗೆಲುವೋ ಡ್ರಾವೋ ಎಂದು ಒಂದೇ ಬಿಟ್‌ನಲ್ಲಿ ಬರೆದಿಡುವ ಪಟ್ಟಿ) ಕಟ್ಟಿ. ಕನ್ನಡಿ ಪ್ರತಿಬಿಂಬದ ಲೆಕ್ಕದಲ್ಲಿ ಕಾಲಾಳಿಗೆ 24 ಮನೆ ಸಾಕಾಗುವುದರಿಂದ, ಇಬ್ಬರು ರಾಜರು, ಕಾಲಾಳು ಮತ್ತು ಸರದಿ ಸೇರಿ 64×64×24×2, ಅಂದರೆ 1,96,608 ಸ್ಥಿತಿಗಳು ಕೇವಲ 24 ಕಿಲೋಬೈಟ್‌ನಲ್ಲಿ ಹಿಡಿಯುತ್ತವೆ. ಕಾಲಾಳು ಕ್ಷೇಮವಾಗಿ ಬಡ್ತಿ ಪಡೆಯುವ ಸ್ಥಿತಿಗಳನ್ನು ಗೆಲುವೆಂದೂ ಸ್ಟೇಲ್‌ಮೇಟ್ (ಚೆಕ್ ಇಲ್ಲದಿದ್ದರೂ ಆಡಲು ನಡೆಯೇ ಇಲ್ಲದಿರುವುದು) ಆದ ಅಥವಾ ಕಾಲಾಳು ಹೊಡೆಸಿಕೊಳ್ಳುವ ಸ್ಥಿತಿಗಳನ್ನು ಡ್ರಾ ಎಂದೂ ಗುರುತಿಸಿ, ಅಲ್ಲಿಂದ ಹಿಂದಕ್ಕೆ ಸಾಗುತ್ತ, ಯಾವ ಗುರುತೂ ಬದಲಾಗದವರೆಗೆ ಸುತ್ತು ಹಾಕಿ, ಉಳಿದವೆಲ್ಲ ಡ್ರಾ.

ಸ್ಥಿತಿಗೆ ಅಂಕ ಕೊಡುವ ಮೌಲ್ಯಮಾಪನಕ್ಕೂ ಒಂದಿಷ್ಟು ತಿಳಿವಳಿಕೆ ಬೇಕು. ಬಿಳಿ ಮನೆಗಳ ಬಿಷಪ್ ಮತ್ತು ಎಚ್ ಸಾಲಿನ ಕಾಲಾಳು ಇದ್ದರೂ ಎದುರಾಳಿ ರಾಜ ಆ ಬಿಷಪ್‌ಗೆ ಎಟುಕದ ಎಚ್8 ಮೂಲೆಯನ್ನು ಹಿಡಿದರೆ ಅದು ಡ್ರಾ. ಬಿಷಪ್ ಮತ್ತು ಕುದುರೆಯಿಂದ ಮೇಟ್ ಮಾಡಲು 33 ನಡೆಗಳವರೆಗೂ ಬೇಕಾಗಬಹುದು. ಅಷ್ಟು ದೂರ ಹುಡುಕಾಟಕ್ಕೆ ಕಾಣದು, ಹಾಗಾಗಿ ಎದುರಾಳಿ ರಾಜ ಬಿಷಪ್‌ನ ಬಣ್ಣದ ಮೂಲೆಗೆ ಹತ್ತಿರವಾದಷ್ಟೂ ಹೆಚ್ಚು ಅಂಕ ಕೊಡಬೇಕು.

ಟೇಬಲ್‌ಬೇಸ್ ಸರದಿ ಈಗ. ರೊನಾಲ್ಡ್ ಡಿ ಮಾನ್ ರೂಪಿಸಿದ ಸಿಜಿಜಿ ಎಂಬ ಟೇಬಲ್‌ಬೇಸ್‌ನಲ್ಲಿ ಐದು ಕಾಯಿಗಳವರೆಗಿನದು ಸುಮಾರು 1 ಜಿಬಿ, ಆರು ಕಾಯಿಗಳದು ಸುಮಾರು 150 ಜಿಬಿ. ಮನೆಯ ಲ್ಯಾಪ್‌ಟಾಪ್‌ಗೆ ಐದು ಸಾಕು. ಅದರ ಡಬ್ಲ್ಯೂಡಿಎಲ್ (ಗೆಲುವು, ಡ್ರಾ, ಸೋಲು) ಕಡತ ಗೆಲುವಿದೆ ಎಂದಷ್ಟೇ ಹೇಳುವುದರಿಂದ, ಅದನ್ನೊಂದನ್ನೇ ನಂಬಿದ ಎಂಜಿನ್ ಗೆಲುವಿನಿಂದ ಗೆಲುವಿಗೆ ಅಲೆದಾಡಿ ಐವತ್ತು ನಡೆಗಳ ನಿಯಮಕ್ಕೆ (ಹೊಡೆತವಾಗಲಿ ಕಾಲಾಳಿನ ನಡೆಯಾಗಲಿ ಇಲ್ಲದೆ ಐವತ್ತು ನಡೆ ಕಳೆದರೆ ಡ್ರಾ) ಸಿಕ್ಕಿಬೀಳುತ್ತದೆ. ಹುಡುಕಾಟ ಶುರುವಾಗುವ, ಹಲಗೆಯ ಮೇಲಿನ ಸ್ಥಿತಿಯಲ್ಲಿ ಡಿಟಿಜೆಡ್ (ಮುಂದಿನ ಹೊಡೆತ ಅಥವಾ ಕಾಲಾಳಿನ ನಡೆ ಎಷ್ಟು ದೂರವಿದೆ ಎಂದು ಹೇಳುವ ಕಡತ) ನೋಡಿಯೇ ನಡೆ ಆರಿಸಲಿ.

ಪರೀಕ್ಷೆಗೆ 2025ರಲ್ಲಿ ಗೋವಾದಲ್ಲಿ ನಡೆದ ವಿಶ್ವಕಪ್‌ನ ಆಟಗಳಿಂದ ಐದು ಕಾಯಿಗಳಿಗಿಳಿದ ಸ್ಥಿತಿಗಳನ್ನು ಆಯ್ದು, ಟೇಬಲ್‌ಬೇಸ್ ಬಳಸದಂತೆ ಮಾಡಿ ಎಂಜಿನ್‌ನಿಂದ ಆಡಿಸಿ, ಪ್ರತಿ ನಡೆಯನ್ನೂ ಸಿಜಿಜಿಯ ತೀರ್ಪಿನೊಂದಿಗೆ ಹೋಲಿಸಿ. ಗೆಲುವು ಡ್ರಾ ಆಗಿ ಬದಲಾದ ನಡೆಯಿಂದಲೇ ದೋಷದ ಹುಡುಕಾಟ ಶುರುವಾಗಲಿ.